ಕೇಳಿ ನೋಡದೆ ಕಳಿಸಿದ್ದು

ಅಕ್ಕನ ಕಂಪ್ಯೂಟರ್ ಮಾತಾಡುವುದು ನನ್ನಿಂದ ಎಂದು ಹೊಳಲ್ಕೆರೆಯಲ್ಲಿ ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೆನೋ! ಅಕ್ಕನಿಗೆ ಹುಟ್ಟಿನಿಂದ ಕಣ್ಣಿಲ್ಲ. ಹೊಸದುರ್ಗದ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಾಳೆ. ಟಚ್ ಫೋನು ಅವಳಿಗೆ ಒಗ್ಗಲೇ ಇಲ್ಲ. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದುವ ಹಳೆಯದೊಂದು ಉಚಿತ ತಂತ್ರಾಂಶವೇ ಅವಳಿಗೆ ಗತಿ. ಬರೆದವರು ಅದನ್ನು ಕೈಬಿಟ್ಟ ಮೇಲೆ, ಕಾಲೇಜಿನ ಲ್ಯಾಬ್ ನೋಡಿಕೊಳ್ಳುವ ನಾನು ಅದರ ಹೊಣೆಯನ್ನೂ ಹೊತ್ತಿದ್ದೆ.

ಆ ಬೇಸಿಗೆಯಲ್ಲಿ ಭಾವ ಜಗಳವಾಡಿಕೊಂಡು ಹಿರಿಯೂರಿಗೆ ಹೋಗಿ ಕೂತರು. ಬಾಳುವೆ ಮಾಡುವುದೋ ಬಿಡುವುದೋ ಯೋಚಿಸಿ ಮೇಲ್ ಬರೆಯುತ್ತೇನೆ ಅಂದಿದ್ದರಂತೆ.

"ಏನಾರ ಬರೀಲಿ, ನಾನೇ ಓದ್ಕಂಬೇಕು ಕಣೋ. ಇನ್ನೊಬ್ರ ಬಾಯಾಗೆ ಕೇಳಕ್ಕಾಗಲ್ಲ," ಅಂದಳು ಅಕ್ಕ.

ಅದೇ ವಾರ, ಇಂಥ ಉಚಿತ ತಂತ್ರಾಂಶಗಳನ್ನು ಒಟ್ಟುಮಾಡಿ ಹಂಚುವ ತಂಡದಿಂದ ನನಗೊಂದು ಸಂದೇಶ ಬಂತು. ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸುವ ರೂಪಕ್ಕೆ ತರುವ ಕಂಪೈಲರ್ ಬದಲಾಗಿದೆ, ಎಲ್ಲ ತಂತ್ರಾಂಶಗಳನ್ನೂ ಅದರ ಹೊಸ ಆವೃತ್ತಿಯಲ್ಲಿ ಮತ್ತೆ ಕಟ್ಟಿ, ಆಗದಿದ್ದರೆ ಪಟ್ಟಿಯಿಂದ ತೆಗೆಯುತ್ತೇವೆ, ಎಂದು. ನನ್ನದನ್ನು ಕಟ್ಟಲಾಗಲಿಲ್ಲ. ಹಳೆಯ ಕಂಪೈಲರ್ ಸುಮ್ಮನೆ ನುಂಗಿಕೊಳ್ಳುತ್ತಿದ್ದ ಒಂದು ಸಾಲಿಗೆ ಹೊಸದು ತಕರಾರು ತೆಗೆಯಿತು. ಆ ಸಾಲು ಏನು ಮಾಡುತ್ತದೆಂದು ಓದುವಷ್ಟು ತಾಳ್ಮೆ ಯಾರಿಗಿತ್ತು? ಕಿತ್ತು ಹಾಕಿದೆ. ಕಟ್ಟಿದ್ದಾಯಿತು ಎಂಬ ಹಸಿರು ಗುರುತು ಬಿತ್ತು, ಕಳಿಸಿಬಿಟ್ಟೆ; ಬಳಸುವವರ ಕಂಪ್ಯೂಟರುಗಳಿಗೆಲ್ಲ ಅದು ತಾನಾಗಿಯೇ ಇಳಿಯುತ್ತದೆ. ನಮ್ಮ ಕಸುಬಿನವರ ಹಾಳು ಚಾಳಿಯೇ ಇದು. ಕಟ್ಟಿದ್ದಾಯಿತು ಅಂದರೆ ಮುಗೀತು, ಓಡಿಸಿ ನೋಡುವವರಿಲ್ಲ.

ಹತ್ತು ದಿನಕ್ಕೆ ಅಕ್ಕನ ಫೋನು. "ಲೇ, ಇದು ಬಾಯೇ ಬಿಡ್ತಿಲ್ಲ. ಮೇಲ್ ಹಾಕಿದೀನಿ ಅಂತ ಅವರು ಹೇಳಿ ಕಳ್ಸವ್ರೆ."

"ಸ್ಪೀಕರ್ ವೈರ್ ಸರಿಯಾಗಿ ಸಿಗಿಸಿದೀಯಾ ನೋಡಕ್ಕ."

ಕಣ್ಣಿಲ್ಲದವಳಿಗೆ ನೋಡು ಅಂದೆ. ಮಾರನೆಯ ದಿನವೂ ಅದನ್ನೇ ಹೇಳಿದೆ. ಮೂರನೆಯ ದಿನ, "ನೀನೇ ಏನೋ ಒತ್ತಿ ಕೆಡಿಸಿದೀಯ," ಎಂದು ರೇಗಿದೆ. ಪಾಪ, ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದಳು. ಅಂಗಡಿಯವನು ಸ್ಪೀಕರ್ ಬದಲಿಸಿ ಕಳಿಸಿದ. ಆಮೇಲೆ ಅವಳು ನನಗೆ ಫೋನು ಮಾಡಲಿಲ್ಲ.

ಭಾನುವಾರ ನಾನೇ ಹೋದೆ. ತೆರೆದು ನೋಡಿದರೆ, ಓದಿದ್ದನ್ನು ಸ್ಪೀಕರಿಗೆ ಕಳಿಸುತ್ತಿದ್ದುದೇ ನಾನು ಕಿತ್ತ ಸಾಲು. ನನ್ನ ಮುಖಕ್ಕಿಷ್ಟು! ಹೊಸ ಕಂಪೈಲರ್ ಒಪ್ಪುವಂತೆ ತಿದ್ದಿ ಕಟ್ಟಲು ಇಪ್ಪತ್ತು ನಿಮಿಷ ಸಾಕಾಯಿತು.

"ತಪ್ಪು ನಂದೇ ಅಕ್ಕ. ಈಗ ಮಾತಾಡ್ತೈತೆ, ಮೇಲ್ ಓದ್ಕ."

"ಪಕ್ಕದ ಮನೆಯಾಕೆ ಓದಿದ್ಲು ಬಿಡು. ಜಗಲಿ ಮ್ಯಾಲೆ ಕುಂತ್ಕಂಡು, ಎಲ್ರಿಗೂ ಕೇಳಂಗೆ."

ನಾಚಿಕೆಯಿಂದ ಚೀಲ ಎತ್ತಿಕೊಂಡು ಎದ್ದೆ. ಅಕ್ಕ ನನ್ನ ತೋಳು ಹಿಡಿದು ಎಳೆದಳು.

"ಎಲ್ಲಿಗೆ? ಕುಂತ್ಕ. ಅದನ್ನ ಓದುಸ್ತೀನಿ, ನೀನೂ ಕೇಳು."

ಕೀಲಿ ಒತ್ತಿದಳು. ಏರಿಳಿತವಿಲ್ಲದ ದನಿಯಲ್ಲಿ ಯಂತ್ರ ಓದತೊಡಗಿತು: "ಕುರುಡಿಯ ಜೊತೆ ಬಾಳಿ ನನಗೆ ಸಾಕಾಗಿದೆ."