ಎಸ್ತೇರಬಾಯಿಯ ‘ರಿ’

ರಾಣೆಬೆನ್ನೂರಿನ ಎಸ್ತೇರಬಾಯಿ ಯಾರ ಮೇಲೂ ದನಿ ಎತ್ತಿದವಳಲ್ಲ. ದನಿ ಎತ್ತುವವರನ್ನು ಕಂಡರೆ ಆಕೆಗೆ ಹೇಸಿಗೆ. ಬಸ್ಸಿನಲ್ಲಿ ಸೀಟಿಗೆ ಕಿತ್ತಾಡುವವರು, ಸಂತೆಯಲ್ಲಿ ಬದನೆಕಾಯಿಗೆ ಚೌಕಾಶಿ ಮಾಡುವವರು, ಟಿವಿಯಲ್ಲಿ ಕಿರುಚುವವರು, ಎಲ್ಲರೂ ಆಕೆಯ ಕಣ್ಣಿಗೆ ಒಂದೇ. ಅಂಥವರಿಗೂ ಆಕೆ ತಪ್ಪದೆ ‘ರಿ’ ಹಚ್ಚಿ ಮಾತಾಡುತ್ತಿದ್ದಳು. ಮದುವೆಯಾಗಲಿಲ್ಲ, ಗಂಡಸರಲ್ಲಿ ಯಾರೂ ಆಕೆಯ ಮಟ್ಟಕ್ಕೆ ಬರಲಿಲ್ಲ.

ಈ ವಿದ್ಯೆ ಕಲಿತದ್ದು ಚರ್ಚಿನಲ್ಲಲ್ಲ, ಹಾವೇರಿಯ ಕೋರ್ಟಿನಲ್ಲಿ. ಅಲ್ಲಿ ಬೆರಳಚ್ಚುಗಾರ್ತಿಯಾಗಿ ನಿವೃತ್ತಿಯವರೆಗೂ ಕುಳಿತವಳು, ವಕೀಲರು ಒಬ್ಬರನ್ನೊಬ್ಬರು ‘ವಿದ್ವಾನ್ ಮಿತ್ರರು’ ಎಂದು ಕರೆಯುತ್ತಲೇ ಎದುರಿನವನ ಮಾನ ಹರಾಜು ಹಾಕುವುದನ್ನು ದಿನವೂ ಕಂಡಿದ್ದಳು. ತಿರಸ್ಕಾರವನ್ನು ಮರ್ಯಾದೆಯಲ್ಲಿ ಸುತ್ತಿ ಕೊಟ್ಟರೆ, ತೆಗೆದುಕೊಂಡವನಿಗೆ ತಿರುಗಿ ಬೈಯಲೂ ಬರುವುದಿಲ್ಲ. ಇದು ಆಕೆಗೆ ಬಹಳ ಹಿಡಿಸಿತು. ಅದಕ್ಕೆ ಕ್ರಿಸ್ತೀಯ ಸೌಜನ್ಯ ಎಂದು ಹೆಸರಿಟ್ಟುಕೊಂಡಳು.

ಹುಟ್ಟಿದ್ದು ಐರಣಿಯಲ್ಲಿ, ಅಲ್ಲಿನ ಪುಟ್ಟ ಕ್ರೈಸ್ತ ಸಭೆಯ ಉಪದೇಶಿಯ ಮಗಳಾಗಿ. ಹೊಳೆಯಲ್ಲಿ ಬಟ್ಟೆ ಒಗೆಯುವಾಗ ತಂಗಿ ಸಲೋಮಿಗೆ ನೀರೆರಚಿ, ಹೆರಳು ಜಗ್ಗಿ, ‘ಏ ಹುಚ್ಚಿ’ ಎಂದು ಊರಿಗೆ ಕೇಳುವಂತೆ ಬೈದವಳು ಇದೇ ಎಸ್ತೇರ. ಸಂಜೆಗೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಸಲೋಮಿ ಮದುವೆಯಾಗಿ ಬ್ಯಾಡಗಿಗೆ ಹೋದಳು. ಗಂಡ ತೀರಿದ ಮೇಲೆ ಹಳೆಯ ಚರ್ಚು ಬಿಟ್ಟು, ಮೆಣಸಿನಕಾಯಿ ಗೋದಾಮೊಂದರಲ್ಲಿ ಕೂಡುವ ಹೊಸ ಪ್ರಾರ್ಥನಾ ಸಭೆ ಸೇರಿದಳು. ಅಲ್ಲಿ ಡ್ರಮ್ಮು, ಚಪ್ಪಾಳೆ, ಕೈ ಎತ್ತಿ ಅಳುವುದು. ದೇವರಿಗೇನು ಕಿವುಡೇ? ಆ ಕಣ್ಣೀರು ಪವಿತ್ರಾತ್ಮನದಲ್ಲ, ಮೆಣಸಿನಕಾಯಿ ಘಾಟಿನದು ಎಂದು ಎಸ್ತೇರಬಾಯಿ ಮನಸ್ಸಿನಲ್ಲೇ ನಕ್ಕಳು. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಒಡಹುಟ್ಟಿದವರನ್ನು ಮೂರ್ಖರೆಂದು ಕರೆಯಬಾರದೆಂಬ ಬೈಬಲ್ಲಿನ ಉಪದೇಶ ಆಕೆಗೆ ಬಾಯಿಪಾಠ. ಕರೆಯಲಿಲ್ಲ, ಅಂದುಕೊಂಡಳು ಅಷ್ಟೆ. ಮುಂದಿನ ಸಲ ತಂಗಿ ಬಂದಾಗ ಬಾಗಿಲಲ್ಲಿ ನಿಂತು ‘ಬರ್ರಿ, ಕುಂದ್ರಿ’ ಎಂದಳು. ಪರರಿಗಾಗಿ ಎತ್ತಿಟ್ಟ ಕಪ್ಪಿನಲ್ಲಿ ಚಹಾ ಕೊಟ್ಟಳು.

ಸಲೋಮಿ ಮೊದಮೊದಲು ಚೇಷ್ಟೆಯೆಂದು ನಕ್ಕಳು. ಆಮೇಲೆ ನಗುವುದನ್ನು ಬಿಟ್ಟಳು. ವರ್ಷಗಳು ಹೋದವು, ‘ರಿ’ ಹೋಗಲಿಲ್ಲ.

ಕಳೆದ ರವಿವಾರ ಪಾಸ್ಟರು ಭಿನ್ನಾಭಿಪ್ರಾಯದಲ್ಲೂ ಪ್ರೀತಿ ಉಳಿಸಿಕೊಳ್ಳುವ ಬಗ್ಗೆ ಪ್ರಸಂಗ ಮಾಡುತ್ತ, ಎಸ್ತೇರಬಾಯಿಯನ್ನೇ ಉದಾಹರಣೆ ಕೊಟ್ಟರು. ತಂಗಿ ಬೇರೆ ದಾರಿ ಹಿಡಿದರೂ ಈ ತಾಯಿ ಒಂದು ಕೆಟ್ಟ ಮಾತಾಡಲಿಲ್ಲ ಎಂದರು. ಎಸ್ತೇರಬಾಯಿ ವಿನಯದಿಂದ ತಲೆ ತಗ್ಗಿಸಿದಳು, ಎಲ್ಲರಿಗೂ ಕಾಣುವ ಹಾಗೆ.

ಅದೇ ವಾರ ಸಲೋಮಿ ಬಂದಳು. ಮಗಳ ಮದುವೆ ಆ ಗೋದಾಮಿನಲ್ಲೇ ಗೊತ್ತಾಗಿತ್ತು. ಅಪ್ಪ ಅವ್ವ ಇಲ್ಲ, ಗಂಡನೂ ಇಲ್ಲ. ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಹರಸಲು ಮನೆತನದಲ್ಲಿ ಉಳಿದ ಹಿರಿಯಳು ಅಕ್ಕ ಒಬ್ಬಳೇ. ಬರುತ್ತೀಯೋ ಇಲ್ಲವೋ ಹೇಳಿಬಿಡು ಎಂದು ಕೇಳಿದಳು.

ಎಸ್ತೇರಬಾಯಿ ಮುಗುಳ್ನಕ್ಕಳು. “ನಿಮ್ಮ ಪದ್ಧತಿ ನಿಮಗ, ನಮ್ಮದು ನಮಗ. ಇಲ್ಲಿಂದನ ಹರಸ್ತೇನ್ರಿ. ಇದರಾಗ ಮನಸ್ತಾಪ ಏನಿಲ್ಲ.”

ಸಲೋಮಿ ಕಪ್ಪನ್ನು ಕೆಳಗಿಟ್ಟಳು. “ಅಕ್ಕಾ, ನಾ ದಾರಿ ತಪ್ಪೇನಿ ಅಂತ ನಿನಗ ಅನಸಿದ್ರ ಬೈ. ಹೆರಳು ಜಗ್ಗಿ ಬೈ. ಬೈದು, ಆಮ್ಯಾಲ ಮದಿವಿಗೆ ಬಾ. ಈ ‘ರಿ’ ಕೇಳಿ ಕೇಳಿ ನನಗ ಸಾಕಾಗೇತಿ.”

‘ಏ ಹುಚ್ಚಿ’ ಎಂಬ ಮಾತು ಎಸ್ತೇರಬಾಯಿಯ ನಾಲಿಗೆಯ ತುದಿಗೆ ಬಂತು. ಖರೇ ಬಂತು. ಅದೊಂದನ್ನು ಅಂದಿದ್ದರೆ ಇಬ್ಬರೂ ಜಗಳಾಡಿ, ಅತ್ತು, ಊಟಕ್ಕೆ ಕೂರುತ್ತಿದ್ದರು. ಆದರೆ ರವಿವಾರದ ಹೊಗಳಿಕೆ ಇನ್ನೂ ಕಿವಿಯಲ್ಲಿತ್ತು. ಚಪ್ಪಾಳೆ ತಟ್ಟಿ ದೇವರನ್ನು ಕರೆಯುವ ಹೆಂಗಸಿನೆದುರು ತಾನೂ ಬಾಯಿ ಹೊಲಸು ಮಾಡಿಕೊಳ್ಳುವುದೇ? ಆಕೆ ಸೆರಗು ಸರಿಮಾಡಿಕೊಂಡು, ಇನ್ನೊಂದೀಟು ಚಹಾ ತಗೋರಿ ಎಂದಳು.

ಸಲೋಮಿ ಕಪ್ಪನ್ನು ಅತ್ತ ಸರಿಸಿದಳು. ಎದ್ದು ಚಪ್ಪಲಿ ಮೆಟ್ಟಿ, ಬಾಗಿಲಿಂದಲೇ ಕೈಮಾಡಿ ಹಾದುಹೋಗುತ್ತಿದ್ದ ಆಟೊ ನಿಲ್ಲಿಸಿದಳು. ಹುಟ್ಟಿದಾಗಿನಿಂದ ಅಕ್ಕನಿಗೆ ‘ನೀ’ ಬಿಟ್ಟು ಬೇರೆ ಅಂದವಳಲ್ಲ. ಮೆಟ್ಟಿಲಿಳಿದು ತಿರುಗಿ ನಿಂತಳು. ಅಕ್ಕನದೇ ಮೆತ್ತನೆಯ ದನಿಯಲ್ಲಿ ಹೇಳಿದಳು:

“ಬರ್ತೇನ್ರಿ, ಎಸ್ತೇರಬಾಯಾರ.”