ಬಾಣಂತಿ ಹೊರಸು ಮತ್ತು ಪಡಸಾಲೆಯ ಠರಾವು

ನಮ್ಮ ಮನೆಯ ಒಳಕೋಣೆಯಲ್ಲಿ ಗೋಡೆಗೆ ಆನಿಸಿಟ್ಟ ಹೊರಸೊಂದಿದೆ. ಬೇವಿನ ಕಾಲು, ಮಗ್ಗದಲ್ಲಿ ಮಿಕ್ಕ ನೂಲನ್ನೇ ಹೊಸೆದು ಹೆಣೆದ ಹಗ್ಗ, ತಲೆಮಾರುಗಳಿಂದ ಕೆಂಡದ ಕಾವು ಕುಡಿದು ಕಪ್ಪಾದ ಅಡಿ. ಹಡೆದವಳು ಇದರ ಮೇಲೆ ಮಲಗಬೇಕು. ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕೆಂಡ, ಕೆಂಡಕ್ಕಿಷ್ಟು ಲೋಬಾನ. ಸೊಂಟಕ್ಕೆ ಹದವಾಗಿ ಕಾವು ತಾಗುತ್ತಿದ್ದರೆ ಅರ್ಧ ನೋವು ಹೊಗೆಯೊಂದಿಗೇ ಹೋಗುತ್ತದೆ ಎನ್ನುತ್ತಾರೆ. ಬನಹಟ್ಟಿಯ ನಮ್ಮ ಓಣಿಗೆಲ್ಲ ಇದೊಂದೇ ಬಾಣಂತಿ ಹೊರಸು. ಯಾರ ಮನೆಯಲ್ಲಿ ಕೂಸು ಅತ್ತರೂ ಇಬ್ಬರು ಬಂದು ಹೊತ್ತುಕೊಂಡು ಹೋಗುತ್ತಾರೆ, ಬಾಣಂತನ ಮುಗಿದ ಮೇಲೆ ಬಿಸಿಲಿಗೆ ಒಣಗಿಸಿ ತಂದಿಡುತ್ತಾರೆ. ಈ ಹೊರಸಿನ ದೊಡ್ಡ ಗುಣವೆಂದರೆ, ಅದು ಬುದ್ಧಿ ಹೇಳುವುದಿಲ್ಲ. ಹಡೆಯುವ ವಿಷಯದಲ್ಲಿ ಬುದ್ಧಿ ಹೇಳದೆ ಸುಮ್ಮನಿರುವುದು ನಮ್ಮ ಓಣಿಯಲ್ಲಿ ಅದೊಂದೇ.

ಉಳಿದವರೆಲ್ಲ ಮಹಾಪಂಡಿತರು. ನೀವೇ ನೋಡಿರಬಹುದು, ಮಗ್ಗ ನಿಂತರೆ ರಿಪೇರಿಯವನನ್ನು ಕರೆಯುತ್ತೇವೆ, ಬೋರಿನ ಮೋಟರು ಸುಟ್ಟರೆ ವೈಂಡಿಂಗಿನವನ ಹತ್ತಿರ ಒಯ್ಯುತ್ತೇವೆ. ಬಸುರಿಯೊಬ್ಬಳು ಕಣ್ಣಿಗೆ ಬಿದ್ದಳೋ, ಜನ್ಮದಲ್ಲಿ ಬೆಕ್ಕು ಮರಿ ಹಾಕಿದ್ದನ್ನೂ ಕಾಣದ ಗಂಡಸು ಮೀಸೆ ತಿರುವಿ ತಜ್ಞನಾಗುತ್ತಾನೆ. ಹೊಟ್ಟೆ ಅವಳದು, ನೋವು ಅವಳದು, ತೀರ್ಮಾನ ಮಾತ್ರ ಸಾರ್ವಜನಿಕ ಆಸ್ತಿ. ಊರೊಟ್ಟಿನ ಗಾಂವಠಾಣ ಜಾಗಕ್ಕಾದರೂ ಇಷ್ಟು ಮಂದಿ ವಾರಸುದಾರರು ಹುಟ್ಟಿಕೊಂಡಿರಲಿಕ್ಕಿಲ್ಲ.

ನನ್ನ ಮಗಳು ಭಾಗ್ಯಶ್ರೀ ಚೊಚ್ಚಲ ಹೆರಿಗೆಗೆಂದು ಮುಧೋಳದಿಂದ ತವರಿಗೆ ಬಂದ ದಿನವೇ ತನಗೇನು ಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಿದ್ದಳು. "ಅವ್ವಾ, ನಾ ಸರಕಾರಿ ದವಾಖಾನ್ಯಾಗ ಹಡೀತೇನಿ. ಅಲ್ಲಿ ಸಿಸ್ಟರ್ ಹೆಸರು ಹಿಡದ ಮಾತಾಡಸ್ತಾರ. ಹಡಿಯೂ ಮುಂದ ನೀ ನನ್ನ ಬಾಜೂಕ ಇರಬಹುದಂತ. ಒಬ್ಬಾಕಿನ ಇರಾಕ ನನಗ ಅಂಜಿಕಿ ಬರ್ತೈತಿ." ಇಷ್ಟೇ ಅವಳ ಬೇಡಿಕೆ. ಬಂಗಾರ ಕೇಳಲಿಲ್ಲ, ಬೆಳ್ಳಿ ಕೇಳಲಿಲ್ಲ, ಹಿಡಿದುಕೊಳ್ಳಲಿಕ್ಕೆ ಒಂದು ಕೈ ಕೇಳಿದಳು. ಮನೆಯವರು ಅದನ್ನು ಪಕ್ಕದ ಮನೆಯ ಮಗ್ಗದ ಸದ್ದಿನಂತೆ ಕೇಳಿದರು, ಅಂದರೆ ಕೇಳಲೇ ಇಲ್ಲ. ಸರಕಾರಿ ದವಾಖಾನೆಯೆಂದರೆ ಮನೆತನದ ಮರ್ಯಾದೆ ಏನಾಗಬೇಕು, ಹೇಳಿ!

ಹೀಗಾಗಿ ಒಂದು ರವಿವಾರ ನಮ್ಮ ಪಡಸಾಲೆಯಲ್ಲಿ ಸಭೆ ಸೇರಿತು. ಅಳಿಯನ ಅಪ್ಪ, ಅಂದರೆ ನಮ್ಮ ಬೀಗರು, ಮುಧೋಳದಿಂದ ಮುಹೂರ್ತ ಹಿಡಿದುಕೊಂಡೇ ಬಂದಿದ್ದರು. "ಗುರುವಾರ ಮುಂಜಾನೆ ಭಾರಿ ಯೋಗ ಐತ್ರಿ. ದೊಡ್ಡ ದವಾಖಾನಿಗೆ ಒಯ್ದು ಆಪರೇಷನ್ ಮಾಡಿಸಿಬಿಡೂನು. ಎಸಿ ಐತಿ, ಲಿಫ್ಟ್ ಐತಿ, ಕೆಳಗ ಕ್ಯಾಂಟೀನ್ ಅಂತೂ ಏನ ಕೇಳ್ತೀರಿ!" ಎಂದರು. ಅವರ ವರ್ಣನೆ ಕೇಳಿ, ಈ ವಯಸ್ಸಿನಲ್ಲಿ ನನಗೇ ಇನ್ನೊಮ್ಮೆ ಹಡೆಯಬೇಕೆನಿಸಿತು, ಅದೂ ಕ್ಯಾಂಟೀನಿನಲ್ಲಿ. ಕೂಸು ಗುರುವಾರದ ತನಕ ಕಾಯಲು ಒಪ್ಪಿದೆಯೇ ಎಂದು ಯಾರೂ ವಿಚಾರಿಸಲಿಲ್ಲ. ನನ್ನ ಯಜಮಾನರದು ಬೇರೆ ಪಕ್ಷ. ಅವರ ಪರಿಚಯದ ಡಾಕ್ಟರರ ಖಾಸಗಿ ದವಾಖಾನೆಯೇ ಆಗಬೇಕು, ಯಾಕೆಂದರೆ ಅಲ್ಲಿ ಕಾರು ನಿಲ್ಲಿಸಲು ಪ್ರಶಸ್ತ ಜಾಗವಿದೆ. ಅಳಿಯದೇವರು ಕೊನೆಗೆ ಮಾತಾಡಿದವರ ಕಡೆಗೆ ತಲೆಯಾಡಿಸುತ್ತಿದ್ದರು.

ಮೂರನೆಯ ಪಕ್ಷ ನಮ್ಮ ಅತ್ತೆಯವರದು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, "ಎಲ್ಲಾನೂ ಮನ್ಯಾಗ ಹಡದೇನಿ ನಾ. ಸೂಲಗಿತ್ತಿ ಬಂದ್ಲು, ಕೂಸ ಬಿತ್ತು, ನಾಕ ದಿನದಾಗ ಎದ್ದ ಕಂಡಕಿಗೆ ನೂಲ ಸುತ್ತಾಕ ಕುಂತೆ. ನಿಮ್ಮ ದವಾಖಾನಿ ಆಟ ನಡಿಯೂದಿಲ್ಲ" ಎಂದರು. ಮನೆಯಲ್ಲಿ ಹಡೆಯುವ ಸುಖವನ್ನು ಹೊಗಳುವವರಲ್ಲಿ ನಾನೊಂದು ಸೋಜಿಗ ಕಂಡಿದ್ದೇನೆ: ಬದುಕುಳಿದ ಮಕ್ಕಳನ್ನೆಲ್ಲ ಹೆಸರು ಹಿಡಿದು ಹೇಳುತ್ತಾರೆ, ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋದವು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಅತ್ತೆಯವರಿಗೂ ಹಾಗೆ ಹೋದದ್ದೊಂದಿತ್ತು. ಸೂಲಗಿತ್ತಿಯ ಕೈಗುಣಕ್ಕೆ ನಾನೂ ಕೈಮುಗಿದವಳೇ, ನಾನೂ ಅಂಥ ಕೈಯಲ್ಲೇ ಹುಟ್ಟಿದವಳು; ಆದರೆ ಬೇರೆ ದಾರಿಯೇ ಇಲ್ಲದೆ ಮನೆಯಲ್ಲಿ ಹಡೆದದ್ದನ್ನು ಸ್ವಂತ ಇಚ್ಛೆಯೆಂದು ಕರೆಯುವುದು ನನಗಂತೂ ಒಗ್ಗುವುದಿಲ್ಲ.

ನಾನೆಲ್ಲಿದ್ದೆ ಅಂತೀರಾ? ಅಡುಗೆಮನೆಯಲ್ಲಿ. ಇಷ್ಟು ದೊಡ್ಡ ಸಭೆಗೆ ಚಹಾ ಬೇಡವೇ? ಒಂದು ಸುತ್ತು ಮುಗಿದು ಎರಡನೆಯದು ಕುದಿಯುತ್ತಿತ್ತು. ಆಗ ಒಳಕೋಣೆಯಿಂದ ಭಾಗ್ಯಾ ಕರೆದಳು. ಹೋಗಿ ನೋಡಿದರೆ ಆ ಹೊರಸಿನ ಕಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತಿದ್ದಾಳೆ, ಹಣೆಯೆಲ್ಲ ಬೆವರು. "ಅವ್ವಾ, ನೋವು ತಡಿಯಾಕ ಆಗವಲ್ದು" ಎಂದಳು. ಅಷ್ಟರಲ್ಲಿ ಎಲೆಯಡಿಕೆ ಚಂಚಿ ಹುಡುಕುತ್ತ ಅತ್ತೆಯವರೂ ಒಳಗೆ ಬಂದರು. ಈಗ ಬಾಗಿಲಿಗೆ ಅಗುಳಿ ಹಾಕಿ ನೀರು ಕಾಸು ಎನ್ನುತ್ತಾರೆಂದು ನಾನು ಜಗಳಕ್ಕೆ ಸೆರಗು ಕಟ್ಟಿದೆ. ಭಾಗ್ಯಾ ಅಜ್ಜಿಯ ಮುಂಗೈ ಹಿಡಿದು, "ಆಯೀ, ನನಗ ಅಂಜಿಕಿ ಆಗೈತಿ. ಸರಕಾರಿ ದವಾಖಾನಿಗೆ ಕರಕೊಂಡ ನಡೀ" ಎಂದಳು.

ಮುದುಕಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟರು. ಕಣ್ಣು ಹೊರಸಿನ ಮೇಲಿತ್ತು. "ನನಗೂ ಅವತ್ತ ಹಿಂಗ ಅಂಜಿಕಿ ಆಗಿತ್ತವ್ವಾ. ಯಾರ ಮುಂದ ಹೇಳ್ಲಿ?" ಎಂದರು. ಲೆಕ್ಕಕ್ಕೆ ಬಾರದ ಆ ಕೂಸಿನ ಮಾತನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೊಂದೇ ಸಲ. ಮರುಗಳಿಗೆಯೇ ಎಂದಿನ ಗತ್ತು ಬಂತು. "ಹಿತ್ತಲ ಬಾಗಲಾ ತಗೀ. ಪಡಸಾಲ್ಯಾಗಿಂದ ಹ್ವಾದ್ರ ಮತ್ತೊಂದ ಠರಾವ್ ಪಾಸ್ ಮಾಡ್ತಾರ ಆ ಶಾಣ್ಯಾರು."

ಚಹಾದ ಒಲೆ ಆರಿಸಿ, ಹಿಂದಿನ ಓಣಿಯ ಆಟೋದಲ್ಲಿ ಮೂವರೂ ಹೊರಟೆವು. ದವಾಖಾನೆಯ ಮೆಟ್ಟಿಲು ಹತ್ತುವಾಗ ನನ್ನ ಫೋನು ರಿಂಗಾಯಿತು. ಯಜಮಾನರು! "ಚಹಾ ಎಲ್ಲೈತಿ? ಬೀಗರು ಕಾಯಾಕತ್ತಾರ" ಎಂದರು. ಹಡೆಯುವವಳು ಎದ್ದು ಹೋದದ್ದು ಸಭೆಯ ಗಮನಕ್ಕೆ ಬಂದಿರಲಿಲ್ಲ, ಚಹಾ ಬಾರದ್ದು ಮಾತ್ರ ಬಂದಿತ್ತು. "ಒಲಿ ಮ್ಯಾಲ ಐತಿ, ಸೋಸಿಕೊಳ್ರಿ. ನಾವು ದವಾಖಾನ್ಯಾಗ ಅದೀವಿ" ಎಂದು ಫೋನು ಇಟ್ಟೆ. ಮದುವೆಯಾದಂದಿನಿಂದ ಅವರಿಗೆ ನಾನು ಹೇಳಿದ ಅತ್ಯಂತ ಸಮಾಧಾನದ ಮಾತು ಅದೇ ಇರಬೇಕು.

ಒಳಗೆ ಯಾರು ಬರುತ್ತೀರೆಂದು ಸಿಸ್ಟರ್ ಕೇಳಿದ್ದು ಭಾಗ್ಯಾಳನ್ನು. ನನ್ನನ್ನಲ್ಲ, ಅತ್ತೆಯವರನ್ನಲ್ಲ. ಅವಳು ನನ್ನತ್ತ ಬೆರಳು ತೋರಿಸಿದಳು. ಸ್ವರ್ಗವೇನಲ್ಲ ಅದು, ಫ್ಯಾನು ಕಿರುಗುಡುತ್ತಿತ್ತು, ನಿಲ್ಲಲು ಜಾಗವಿರಲಿಲ್ಲ, ಸಿಸ್ಟರ್ ಒಂದೆರಡು ಸಲ ಗದರಿದರು ಕೂಡ. ಆದರೆ ಸಂಜೆಯ ತನಕ ನನ್ನ ಕೈಯನ್ನು ಅವಳು ಬಿಡಲಿಲ್ಲ, ಉಗುರು ಊರಿ ರಕ್ತ ಬಂತು, ನಾನೂ ಬಿಡಿಸಿಕೊಳ್ಳಲಿಲ್ಲ. ಇವಳನ್ನು ಹಡೆಯುವಾಗ ನಾನು ಅವ್ವಾ ಅವ್ವಾ ಎಂದು ಕೂಗಿದ್ದು ಹೊರಗಿನ ಬೆಂಚಿನ ಮೇಲೆ ಕೂತ ನನ್ನ ಅವ್ವನಿಗೆ ಕೇಳುತ್ತಿತ್ತು, ದವಾಖಾನೆಯವರು ಅವಳನ್ನು ಒಳಗೆ ಬಿಡುತ್ತಿರಲಿಲ್ಲ. ಮೊಮ್ಮಗಳು ಅಳುವ ಮೊದಲು ನಾನೇ ಅತ್ತುಬಿಟ್ಟೆ.

ಈಗ ಕೇಳಿ ತಮಾಷೆ. ಸರಕಾರಿ ದವಾಖಾನೆಯೇ ಛಲೋ ಎಂದು ತಾವು ಮೊದಲೇ ಅಂದಿದ್ದಾಗಿ ಬೀಗರು ಊರೆಲ್ಲ ಹೇಳುತ್ತಿದ್ದಾರೆ. ಗುರುವಾರದ ಯೋಗ ಬರೆದುಕೊಟ್ಟ ಜೋಯಿಸರು ರವಿವಾರದ ಸಂಜೆಯನ್ನು ಪರಿಶೀಲಿಸಿ, ಅದು ಇನ್ನೂ ಉಚ್ಚವೆಂದು ಅಪ್ಪಣೆ ಕೊಡಿಸಿದ್ದಾರೆ. ಯಜಮಾನರು ಚಹಾ ಸೋಸಿದ ಕಥೆಯನ್ನು ಮಹಾತ್ಯಾಗವೆಂಬಂತೆ ವರ್ಣಿಸುತ್ತಾರೆ. ಅತ್ತೆಯವರು ಮಾತ್ರ ದಿನಾಲು ತಾವೇ ಕೆಂಡ ಮಾಡಿ ಭಾಗ್ಯಾಳ ಹೊರಸಿನ ಕೆಳಗೆ ಇಟ್ಟರು.

ಭಾಗ್ಯಾ ಮುಧೋಳಕ್ಕೆ ಹೋದ ಮೇಲೆ ಹೊರಸು ಮತ್ತೆ ಗೋಡೆಗೆ ಆನಿತು. ಮೊನ್ನೆ ಓಣಿಯ ತುದಿಯ ಮನೆಯ ತಂಗೆವ್ವ ಬಂದು, "ಅಕ್ಕಾರ, ಸೊಸಿ ದಿನಾ ತುಂಬ್ಯಾವು, ಹೊರಸ ಕೊಡ್ರಿ. ಎಲ್ಲಿ ಹಡಸೂದು ಅಂತ ಮನ್ಯಾಗ ಇನ್ನಾ ಮಾತ ಮುಗದಿಲ್ಲ" ಎಂದಳು. "ಕೊಡ್ತೇನಿ. ಅದರ ಮ್ಯಾಲ ಮಲಗಾಕಿನ್ನ ಕಳಸು, ಆಕೀನ ಬಂದ ಕೇಳ್ಲಿ" ಎಂದೆ.

ಸಂಜೆಗೆ ಆ ಹುಡುಗಿ ಬಂದು ಬಾಗಿಲಲ್ಲಿ ಸೆರಗು ಹೊದ್ದು ನಿಂತಳು. "ನಿನಗ ಎಲ್ಲಿ ಹಡೀಬೇಕಂತ ಐತೆವ್ವಾ?" ಎಂದೆ. ನಾನು ಯಾರನ್ನು ಕೇಳಿದೆನೆಂದು ಅವಳು ಹಿಂದಕ್ಕೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಹೊರಸನ್ನು ಇಳಿಸಿ, ಅವಳನ್ನು ಅದರ ಮೇಲೆ ಕೂಡಿಸಿ, ಮತ್ತೊಮ್ಮೆ ಕೇಳಿದೆ.