ಚನ್ನಪ್ಪನಿಗೆ ಮೂವತ್ತೆಂಟು

ಯಲಹಂಕದ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹೆಸರು ಹೇಳಲಾರೆ. ನನಗೆ ಸಂಬಳ ಇನ್ನೂ ಅಲ್ಲಿಂದಲೇ ಬರುತ್ತಿದೆ. ಆಫೀಸಿನಲ್ಲಿ ಟೈಪ್ ಮಾಡುವವಳು ನಾನು. ಬಾಗಲೂರಿನ ಚನ್ನಪ್ಪ ಎಲೆಕ್ಟ್ರಿಕಲ್ ಲ್ಯಾಬಿನ ಅಟೆಂಡರ್. ಐಟಿಐ ಓದಿ, ಹತ್ತೊಂಬತ್ತು ವರ್ಷದಿಂದ ಅಲ್ಲಿಯ ವೈರುಗಳ ಜೊತೆ ಬಾಳಿದವರು.

ಹೋದ ವರ್ಷ ಲ್ಯಾಬ್ ಇನ್‌ಸ್ಟ್ರಕ್ಟರ್ ಹುದ್ದೆ ಖಾಲಿಯಾಯಿತು. ಚನ್ನಪ್ಪನಿಗೆ ಅದು ಸಿಗಬೇಕಿತ್ತು. ಆದರೆ ಯಾವುದೋ ವಿಶ್ವವಿದ್ಯಾಲಯದ ಬಿಟ್ಟಿ ಆನ್‌ಲೈನ್ ಕೋರ್ಸಿನಲ್ಲಿ, ‘ವಿದ್ಯುತ್ ಸುರಕ್ಷತೆ’ಯಲ್ಲಿ, ನಲವತ್ತು ಅಂಕ ಕಡ್ಡಾಯವೆಂದರು.

ವಿಭಾಗದ ಮುಖ್ಯಸ್ಥ ನಿರಂಜನ ಅದೇ ಕೋರ್ಸಿನಲ್ಲಿ ತೊಂಬತ್ತೆರಡು ತೆಗೆದಿದ್ದರು. ಹೇಗೆ ಅಂತೀರಾ? ವಿಡಿಯೋ ಹಚ್ಚಿ, “ಓಡ್ತಾ ಇರ್ಲಿ, ನೋಡ್ಕೋ” ಎಂದು ಚನ್ನಪ್ಪನಿಗೆ ಹೇಳಿ ಕ್ಯಾಂಟೀನಿಗೆ ಹೋಗುತ್ತಿದ್ದರು. ಉತ್ತರಗಳು ವಾಟ್ಸಾಪಿನಲ್ಲಿ ಬರುತ್ತಿದ್ದವು. ಅಷ್ಟೂ ಪಾಠವನ್ನು ನಿಂತು ಕೇಳಿದ್ದು ಚನ್ನಪ್ಪ ಒಬ್ಬರೇ.

ಅವರಿಗೆ ಬಂದದ್ದು ಮೂವತ್ತೆಂಟು. ಇಂಗ್ಲಿಷ್ ಥಿಯರಿಯಲ್ಲಿ ಒಂದಷ್ಟು ಹೋಯಿತು, ಒಪ್ಪುತ್ತೇನೆ. ಆದರೆ ಎರಡು ಅಂಕದ ಒಂದು ಪ್ರಶ್ನೆ ಇತ್ತು: ಕರೆಂಟ್ ಹಿಡಿದುಕೊಂಡಿರುವ ಮನುಷ್ಯನನ್ನು ಕಂಡರೆ ಮೊದಲು ಏನು ಮಾಡಬೇಕು? ಚನ್ನಪ್ಪ ‘ಮೇನ್ ಆಫ್ ಮಾಡಬೇಕು’ ಎಂದು ಒತ್ತಿದರು. ಕಂಪ್ಯೂಟರಿನ ಪ್ರಕಾರ ಸರಿಯುತ್ತರ, ‘ಭುಜ ಹಿಡಿದು ಅಲುಗಾಡಿಸಿ, ಪ್ರಜ್ಞೆ ಇದೆಯೇ ನೋಡಬೇಕು.’ ಓದಿದಾಗ ನನಗೆ ಮೈಯೆಲ್ಲ ಉರಿಯಿತು.

ನಾನೇ ದೂರು ಬರೆದು ಕಳಿಸಿದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ, ಸಹಪಾಠಿಗಳೊಂದಿಗೆ ಚರ್ಚಿಸಿ’ ಎಂದು ಅದೇ ನಿಮಿಷಕ್ಕೆ ಉತ್ತರ ಬಂತು. ಅತ್ತ ಕಡೆ ಮನುಷ್ಯರೇ ಇರಲಿಲ್ಲ.

ಇನ್ನೆರಡು ಅವಕಾಶವಿತ್ತು. ನಿರಂಜನ ನಕ್ಕರು. “ಅವರು ಕೇಳಿದ್ದನ್ನ ಒತ್ತಿ ಪಾಸಾಗು. ಪರೀಕ್ಷೆಲಿ ಯಾರೂ ಸಾಯಲ್ಲ ಕಣಯ್ಯ.”

“ಇಂಗೆ ಮುಟ್ಟಿದ್ರೆ ಇಬ್ರೂ ಓಗ್ತಾರೆ ಸಾರ್,” ಎಂದರು ಚನ್ನಪ್ಪ.

ಎರಡನೆಯ ಸಲವೂ ಮೂವತ್ತೆಂಟೇ. ಕೊನೆಯ ಸಲ ನಾನು ಪಕ್ಕದಲ್ಲೇ ಕೂತಿದ್ದೆ. “ಒತ್ಬಿಡಿ ಚನ್ನಪ್ಪ, ಕೆಲಸ ಸಿಗುತ್ತೆ,” ಎಂದು ಬೇಡಿಕೊಂಡೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

“ನಾಳೆ ಉಡುಗ್ರು ಕೇಳಿದ್ರೆ ಏನ್ ಯೋಳ್ಲಿ ಪ್ರತಿಭಾ ಮೇಡಂ?” ಎಂದವರು ಮತ್ತೆ ‘ಮೇನ್ ಆಫ್’ ಎಂದೇ ಒತ್ತಿದರು.

ಹುದ್ದೆ ತೊಂಬತ್ತಾರು ಅಂಕದ ಯಾರಿಗೋ ಹೋಯಿತು. ಚನ್ನಪ್ಪನ ಅರ್ಜಿ ತಿರಸ್ಕರಿಸಲು ಕಾರಣ ಬೇಕಿತ್ತು. ನಿರಂಜನ ನನ್ನ ಮೇಜಿನ ಮುಂದೆ ನಿಂತು ಬರೆಸಿದರು: ‘ಅರ್ಜಿದಾರರಿಗೆ ವಿದ್ಯುತ್ ಸುರಕ್ಷತೆಯ ಮೂಲಭೂತ ಅರಿವಿಲ್ಲ.’

ಅದನ್ನು ಟೈಪ್ ಮಾಡಿದವಳು ನಾನು. ಲ್ಯಾಬಿಗೆ ಒಯ್ದು, ಚನ್ನಪ್ಪನಿಂದ ಸಹಿ ಹಾಕಿಸಿಕೊಂಡು ಬಂದವಳೂ ನಾನೇ.